ಬಿಸಿನೆಸ್ ಅನಲಿಸ್ಟ್ (ಬಿಎ) ಕೆಲಸದಲ್ಲಿ ನಾನು ರಿಕ್ವೈರ್‌ಮೆಂಟ್ ಹುಡುಕುವ ರೀತಿ

ಬಿಸಿನೆಸ್ ಅನಲಿಸ್ಟ್ ಕೆಲಸ ಅಂದರೆ ಸಾಫ್ಟ್‌ವೇರ್‌ನಿಂದ ತಮಗೆ ಏನು ಬೇಕು (ರಿಕ್ವೈರ್‌ಮೆಂಟ್) ಅಂತ ಜನ ಹೇಳಿದ್ದನ್ನು ನೀಟಾಗಿ ಬರೆದು ಡೆವಲಪರ್‌ಗಳಿಗೆ ಕೊಡುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬರೆಯುವುದು ಸುಲಭ. ಅವರು ಹೇಳದೇ ಬಿಟ್ಟಿದ್ದನ್ನು ಹುಡುಕುವುದೇ ಕಷ್ಟ. ಯಾರೂ ಬೇಕಂತ ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕೈಗೆ ಕೂತುಬಿಟ್ಟಿರುತ್ತದೆ, ಅದರಲ್ಲಿ ಹೇಳುವಂಥದ್ದೇನಿದೆ ಅಂತ ಅವರಿಗೆ ಅನ್ನಿಸುವುದೇ ಇಲ್ಲ.

ಹಾಗಾಗಿ ಹೊಸ ಪ್ರಾಜೆಕ್ಟ್‌ಗೆ ಬಂದಾಗ ನಾನು ದೊಡ್ಡ ಮೀಟಿಂಗ್ ಕರೆಯುವ ಮೊದಲು ಆ ಕೆಲಸ ದಿನಾ ಮಾಡುವವರ ಪಕ್ಕ ಹೋಗಿ ಕೂರುತ್ತೇನೆ. "ನೀವು ಸಾಮಾನ್ಯವಾಗಿ ಏನು ಮಾಡುತ್ತೀರಿ?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ಹೇಳುತ್ತಾರೆ. "ನಿನ್ನೆ ಕೊನೆಯದಾಗಿ ಮುಗಿಸಿದ ಕೇಸ್ ಒಂದು ಸಲ ತೋರಿಸ್ತೀರಾ?" ಅಂತ ಕೇಳುತ್ತೇನೆ. ಆಗ ಎಲ್ಲ ಹೊರಗೆ ಬರುತ್ತದೆ. ಸಿಸ್ಟಮ್ ಪಕ್ಕದಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದಿರುತ್ತದೆ, ಮಾನಿಟರ್‌ಗೆ ಒಂದು ಚೀಟಿ ಅಂಟಿಸಿರುತ್ತಾರೆ, ರಿಮಾರ್ಕ್ಸ್ ಕಾಲಂನಲ್ಲಿ ಅವರಿಗೆ ಮಾತ್ರ ಅರ್ಥವಾಗುವ ಕೋಡ್ ಬರೆದಿರುತ್ತಾರೆ. ಆ ಎಕ್ಸೆಲ್ ಶೀಟ್ ಸಿಕ್ಕಿತೆಂದರೆ ನನಗೆ ನಿಜಕ್ಕೂ ಖುಷಿ. ಈಗಿರುವ ಸಿಸ್ಟಮ್ ಎಲ್ಲೆಲ್ಲಿ ಕೈಕೊಡುತ್ತಿದೆ ಅನ್ನುವುದರ ಪೂರ್ತಿ ಲೆಕ್ಕ ಅದರಲ್ಲಿ ಇರುತ್ತದೆ. ಒಂದೊಂದು ಕಾಲಂ ಮೇಲೂ ಬೆರಳಿಟ್ಟು, ಇದನ್ನು ಯಾರು ತುಂಬುತ್ತಾರೆ, ಯಾವಾಗ, ಆಮೇಲೆ ಯಾರು ನೋಡುತ್ತಾರೆ ಅಂತ ಕೇಳಿ ಬರೆದುಕೊಳ್ಳಿ.

ಇನ್ನೊಂದು, ಡೇಟಾ ನೋಡುವ ಅಭ್ಯಾಸ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಜಾಸ್ತಿ ಬರಬೇಕಾಗಿಲ್ಲ, ಸೆಲೆಕ್ಟ್, ಜಾಯಿನ್, ಗ್ರೂಪ್ ಬೈ ಬಂದರೆ ಸಾಕು. ಯಾವ ಸ್ಟೇಟಸ್‌ನಲ್ಲಿ ಎಷ್ಟು ಕೇಸ್ ಇವೆ ಅಂತ ಎಣಿಸಿ. ಪ್ರಾಸೆಸ್ ಚಾರ್ಟ್‌ನಲ್ಲಿ ಮುಖ್ಯ ಅಂತ ತೋರಿಸಿರುವ ಸ್ಟೇಟಸ್ ಒಂದರಲ್ಲಿ ಒಂದೂ ಕೇಸ್ ಇರುವುದಿಲ್ಲ, "ಇತರೆ" ಅನ್ನುವುದರಲ್ಲಿ ರಾಶಿ ಬಿದ್ದಿರುತ್ತದೆ. ಯಾಕೆ ಹೀಗೆ ಅಂತ ಕೇಳಿದರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಈಗ ನಿಯಮಗಳ ವಿಷಯ. ನನ್ನ ಸಮಯ ಜಾಸ್ತಿ ಹೋಗುವುದು ಇಲ್ಲೇ, ಹೋಗಲೂ ಬೇಕು. ಉದಾಹರಣೆಗೆ ವಾಪಸ್ ಬಂದ ಸರಕಿನ ನಿಯಮ ತೆಗೆದುಕೊಳ್ಳಿ. ಡಾಕ್ಯುಮೆಂಟ್‌ನಲ್ಲಿ ಒಂದೇ ಸಾಲು ಇರುತ್ತದೆ: "ಬಿಲ್ ಇದ್ದು, 30 ದಿನದೊಳಗೆ ವಾಪಸ್ ಬಂದು, ಪ್ಯಾಕ್ ಒಡೆಯದೇ ಇದ್ದರೆ ಪೂರ್ತಿ ಹಣ ವಾಪಸ್." ಓದುವುದಕ್ಕೆ ಸ್ಪಷ್ಟವಾಗಿದೆ ಅಲ್ವಾ? ನಾನು ಇದನ್ನು ಡಿಸಿಷನ್ ಟೇಬಲ್ ಮಾಡುತ್ತೇನೆ, ಅಂದರೆ ಷರತ್ತುಗಳ ಒಂದೊಂದು ಜೋಡಣೆಗೂ ಒಂದು ಕಾಲಂ, ಅದರ ಕೆಳಗೆ ಆಗ ಏನು ಮಾಡಬೇಕು ಅನ್ನುವ ಉತ್ತರ. ಷರತ್ತು 3, ಒಂದೊಂದಕ್ಕೂ ಹೌದು ಅಥವಾ ಇಲ್ಲ, ಒಟ್ಟು 8 ಕಾಲಂ. ಆ ಸಾಲು ಉತ್ತರ ಕೊಟ್ಟಿರುವುದು ಒಂದೇ ಒಂದು ಕಾಲಂಗೆ. ಉಳಿದ 7 ಖಾಲಿ! ಬಿಲ್ ಇದೆ, ದಿನವೂ ಸರಿಯಿದೆ, ಪ್ಯಾಕ್ ಮಾತ್ರ ಒಡೆದಿದೆ, ಆಗೇನು? ಟೇಬಲ್ ಮುಂದಿಟ್ಟು ಕೇಳಿದರೆ ಒಬ್ಬರು "ವಾಪಸ್ ತಗೊಳ್ಳಲ್ಲ" ಅನ್ನುತ್ತಾರೆ, ಪಕ್ಕದವರು "ಒಳಗೆ ಸರಕು ಕೆಟ್ಟಿದ್ದರೆ ಪ್ಯಾಕ್ ಒಡೆಯದೆ ಗೊತ್ತಾಗುವುದು ಹೇಗೆ?" ಅನ್ನುತ್ತಾರೆ. ಅಲ್ಲಿಗೆ ಯಾವ ಡಾಕ್ಯುಮೆಂಟ್‌ನಲ್ಲೂ ಇಲ್ಲದ ನಾಲ್ಕನೇ ಷರತ್ತು ಸಿಕ್ಕಿತು: ಸರಕು ಕೆಟ್ಟಿದೆಯೋ ಇಲ್ಲವೋ. ಈಗ 16 ಕಾಲಂ. ಗಾಬರಿಯಾಗಬೇಡಿ, ಒಂದೇ ಉತ್ತರ ಬರುವ ಕಾಲಂಗಳನ್ನು ಒಟ್ಟುಗೂಡಿಸಿದರೆ ನಾಲ್ಕೈದಕ್ಕೆ ಇಳಿದುಬಿಡುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. "30 ದಿನದೊಳಗೆ" ಅಂದರೆ ಯಾವತ್ತಿನಿಂದ? ಆರ್ಡರ್ ಮಾಡಿದ ದಿನದಿಂದಲೋ, ಸರಕು ಹೊರಟ ದಿನದಿಂದಲೋ, ಕೈಸೇರಿದ ದಿನದಿಂದಲೋ? 30ನೇ ದಿನ ಸೇರುತ್ತದೋ ಇಲ್ಲವೋ? ಗ್ರಾಹಕರು 30ನೇ ದಿನ ರಿಕ್ವೆಸ್ಟ್ ಹಾಕಿ ಸರಕು 34ನೇ ದಿನ ಗೋದಾಮಿಗೆ ಬಂದರೆ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ನಾವು ಕೇಳದಿದ್ದರೆ ಡೆವಲಪರ್ ತನಗೆ ತೋಚಿದ್ದನ್ನು ಕೋಡ್‌ನಲ್ಲಿ ಬರೆಯುತ್ತಾರೆ, ಟೆಸ್ಟರ್ ತನಗೆ ತೋಚಿದ್ದನ್ನು ಟೆಸ್ಟ್ ಮಾಡುತ್ತಾರೆ. ಅವರನ್ನು ದೂರಿ ಏನು ಪ್ರಯೋಜನ? ಅದಕ್ಕೇ ಅಕ್ಸೆಪ್ಟೆನ್ಸ್ ಕ್ರೈಟೀರಿಯಾದಲ್ಲಿ (ಮಾಡಿದ ಕೆಲಸ ಸರಿಯಿದೆ ಅಂತ ಒಪ್ಪಲು ಬರೆದಿಡುವ ಷರತ್ತುಗಳಲ್ಲಿ) ನಾನು ವಿವರಣೆಗಿಂತ ಉದಾಹರಣೆ ಜಾಸ್ತಿ ಬರೆಯುತ್ತೇನೆ. 29ನೇ ದಿನ ಬಂದರೆ ಹೀಗೆ, 30ನೇ ದಿನ ಬಂದರೆ ಹೀಗೆ, 31ನೇ ದಿನ ಬಂದರೆ ಹೀಗೆ. ಮೂರು ಸಾಲು ಸಾಕು, ಅದರ ಮೇಲೆ ಜಗಳವೇ ಆಗುವುದಿಲ್ಲ.

"ಯಾಕೆ" ಅಂತ ಐದು ಸಲ ಕೇಳಿ ಅನ್ನುವ ಟೊಯೋಟಾದ ವಿಧಾನ ಎಲ್ಲರೂ ಹೇಳಿಕೊಡುತ್ತಾರೆ. ವಿಧಾನ ಒಳ್ಳೆಯದೇ. ಆದರೆ ಎದುರಿಗೆ ಕೂತ ಮನುಷ್ಯನಿಗೆ ಮೇಲಿಂದ ಮೇಲೆ "ಯಾಕೆ, ಯಾಕೆ" ಅಂದರೆ ವಿಚಾರಣೆ ನಡೆಸಿದಂತಾಗುತ್ತದೆ. ನಾನು "ಇದು ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಯಾವ ಕೆಲಸ ನಿಲ್ಲುತ್ತೆ?" ಅಂತ ಕೇಳುತ್ತೇನೆ. ಎಲ್ಲ ಡೇಟಾ ಎಕ್ಸೆಲ್‌ಗೆ ಇಳಿಸಿಕೊಳ್ಳಲು ಒಂದು ಬಟನ್ ಬೇಕು ಅಂತ ಹಠ ಹಿಡಿದವರಿಗೆ ಇದೇ ಪ್ರಶ್ನೆ ಕೇಳಿ ನೋಡಿ. ಮೂರು ದಿನದಿಂದ ಅಪ್ರೂವಲ್‌ಗೆ ಕಾದಿರುವ ಕೇಸ್‌ಗಳನ್ನು ಹುಡುಕಬೇಕು, ಅದಕ್ಕೇ ಬಟನ್ ಕೇಳಿದ್ದು ಅನ್ನುವುದು ಹೊರಬರಬಹುದು. ಹಾಗಿದ್ದರೆ ಬೇಕಾಗಿರುವುದು ಸ್ಕ್ರೀನ್ ಮೇಲೆ ಒಂದು ಫಿಲ್ಟರ್.

ಆದ್ಯತೆ ಗೊತ್ತು ಮಾಡಲು ಮಾಸ್ಕೋ (MoSCoW) ವಿಧಾನ ಬಳಸುತ್ತೇನೆ: ಬೇಡಿಕೆಗಳನ್ನು ಮಸ್ಟ್ (ಬೇಕೇ ಬೇಕು), ಶುಡ್ (ಇರಬೇಕು), ಕುಡ್ (ಇದ್ದರೆ ಒಳ್ಳೆಯದು), ವೋಂಟ್ (ಈ ಸಲ ಇಲ್ಲ) ಅಂತ ನಾಲ್ಕು ಗುಂಪು ಮಾಡುವುದು. ಡಾಯ್ ಕ್ಲೆಗ್ ಅನ್ನುವವರು 1994ರಲ್ಲಿ ಒರಾಕಲ್‌ನಲ್ಲಿದ್ದಾಗ ಮಾಡಿದ್ದು. ಎಲ್ಲರೂ ತಮ್ಮದನ್ನು "ಮಸ್ಟ್"ಗೇ ತುರುಕುತ್ತಾರೆ. ಡಿಎಸ್‌ಡಿಎಂ ಅನ್ನುವ ಪ್ರಾಜೆಕ್ಟ್ ಪದ್ಧತಿಯ ಪ್ರಕಾರ "ಮಸ್ಟ್" ಕೆಲಸಗಳಿಗೆ ಬೇಕಾಗುವ ಶ್ರಮ ಒಟ್ಟು ಶ್ರಮದ ಶೇ. 60 ದಾಟಬಾರದು. ಈ ಗೆರೆಯನ್ನು ಮೊದಲೇ ಹೇಳಿಬಿಟ್ಟರೆ ಚರ್ಚೆಗೆ ಒಂದು ಹದ ಬರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು "ಈ ಸಲ ಇಲ್ಲ" ಅನ್ನುವ ಪಟ್ಟಿ. ಅದನ್ನು ಬರೆದು, ಎಲ್ಲರಿಗೂ ಕಳಿಸಿ, ಒಪ್ಪಿಗೆ ತೆಗೆದುಕೊಳ್ಳಿ. ಸ್ಕೋಪ್ ಬಗ್ಗೆ, ಅಂದರೆ ಪ್ರಾಜೆಕ್ಟ್‌ನಲ್ಲಿ ಏನೇನು ಸೇರಿದೆ ಅನ್ನುವುದರ ಬಗ್ಗೆ, ಮುಂದೆ ಬರುವ ಎಷ್ಟೋ ಮನಸ್ತಾಪ ಅಲ್ಲೇ ತಪ್ಪುತ್ತದೆ.

ಡಯಾಗ್ರಾಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲಸದ ಹರಿವನ್ನು ಚಿತ್ರದಲ್ಲಿ ತೋರಿಸುವ ಬಿಪಿಎಂಎನ್ ಪದ್ಧತಿಯಲ್ಲಿ ರಾಶಿ ಚಿಹ್ನೆಗಳಿವೆ, ನಾನು ಬಳಸುವುದು ಶುರು, ಕೆಲಸ, ನಿರ್ಧಾರ, ಕೊನೆ ಮತ್ತು ಯಾರ ಕೆಲಸ ಅಂತ ತೋರಿಸುವ ಲೇನ್, ಇಷ್ಟೇ. ಸರ್ಟಿಫಿಕೇಟ್ ಕೇಳುವವರಿಗೆ: ಬಿಎಗಳಿಗಾಗಿ 2003ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎಯ ಆರಂಭಿಕ ಹಂತದ ಇಸಿಬಿಎ ಪರೀಕ್ಷೆಗೆ ಕೆಲಸದ ಅನುಭವ ಬೇಡ, ಅನುಭವಿಗಳ ಸಿಬಿಎಪಿಗೆ 7,500 ಗಂಟೆಯ ಅನುಭವ ಬೇಕು. ಕೆಲಸ ಹುಡುಕುವಾಗ ಅನುಕೂಲ ಆಗಬಹುದು, ಮಾಡಿಕೊಳ್ಳಿ. ಆದರೆ ಮೇಲೆ ಹೇಳಿದ ಟೇಬಲ್ ಒಂದನ್ನು ಇವತ್ತೇ ನಿಮ್ಮ ಪ್ರಾಜೆಕ್ಟ್‌ನ ಯಾವುದಾದರೂ ನಿಯಮಕ್ಕೆ ಮಾಡಿ ನೋಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮೀಟಿಂಗ್ ಮುಗಿದ ದಿನವೇ ಮಿನಿಟ್ಸ್ ಕಳಿಸಿ. ಯಾರು ಏನು ಮಾತಾಡಿದರು ಅನ್ನುವ ಪುರಾಣ ಬೇಡ. ಏನು ತೀರ್ಮಾನ ಆಯಿತು, ಯಾವ ಪ್ರಶ್ನೆ ಉಳಿಯಿತು, ಅದಕ್ಕೆ ಯಾರು ಯಾವ ತಾರೀಕಿನೊಳಗೆ ಉತ್ತರ ಕೊಡುತ್ತಾರೆ, ಅಷ್ಟೇ.

ಕೊನೆಗೆ ಯುಎಟಿ, ಅಂದರೆ ಸಿಸ್ಟಮ್ ಬಳಸುವವರೇ ಅದನ್ನು ಪರೀಕ್ಷಿಸಿ ಒಪ್ಪುವ ಹಂತ. ಚೆನ್ನಾಗಿರುವ ಡೇಟಾ ಹಾಕಿ ಡೆಮೊ ತೋರಿಸಿ ಸೈನ್ ಆಫ್ ತೆಗೆದುಕೊಂಡರೆ ಅದು ಸುಮ್ನೆ ಶಾಸ್ತ್ರಕ್ಕೆ ಮಾಡಿದ ಕೆಲಸ. ಯಾವ ಕೇಸ್ ಹಾಕಿ ಟೆಸ್ಟ್ ಮಾಡಬೇಕು ಅಂತ ನಾನು ಬಳಸುವವರನ್ನೇ ಕೇಳುತ್ತೇನೆ: "ಕಳೆದ ತಿಂಗಳು ನಿಮ್ಮ ತಲೆ ತಿಂದ ಕೇಸ್ ಯಾವುದು?" ಹೆಸರು, ನಂಬರ್‌ನಂಥ ಗ್ರಾಹಕರ ವಿವರ ಅಳಿಸಿ ಅದೇ ಕೇಸ್ ಹೊಸ ಸಿಸ್ಟಮ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಅವರ ಕೈಯಲ್ಲೇ ನಡೆಸುತ್ತೇನೆ. ಎಲ್ಲಿ ಅವರ ಕೈ ನಿಲ್ಲುತ್ತದೋ ಅಲ್ಲಿ ನಾನು ಮಧ್ಯೆ ಬಾಯಿ ಹಾಕುವುದಿಲ್ಲ, ಆ ಸ್ಕ್ರೀನ್ ಹೆಸರು ಬರೆದುಕೊಳ್ಳುತ್ತೇನೆ.