ಹಕ್ಕಿ ಎಣಿಸೋಕೆ ಭರತವೇ ಸರಿ: ಅಘನಾಶಿನಿಯಲ್ಲಿ ನನ್ನ ಅನುಭವ

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಭರತದ, ಅಂದರೆ ಕಡಲ ನೀರು ಏರುವ ಹೊತ್ತಿಗೆ, ಕೆಸರಲ್ಲಿ ಮೇಯುವ ದಡದ ಹಕ್ಕಿ ಎಣಿಸೋಕೆ ಹೊರಟಾಗ ನಮ್ಮ ಗುಂಪಿನ ಹಿರಿಯರೇ ನಕ್ಕಿದ್ದರು. ನೀರು ಇಳಿದಾಗ, ಇಳಿತದಲ್ಲಿ ತಾನೇ ಅವು ಮೇಯೋದು, ಆಗಲೇ ಎಣಿಸಬೇಕು ಅಂತ ಅವರ ವಾದ. ಮೇಯೋದನ್ನು ನೋಡೋಕೆ ಅದು ಸರಿ, ಎಣಿಸೋಕಲ್ಲ. ಈ ಜನವರಿ ಗಣತಿಯಲ್ಲಿ ನಾನು ಒಂದು ಕಡೆ, ಗೆಳೆಯರೊಬ್ಬರು ಇನ್ನೊಂದು ಕಡೆ ಕೂತು ಒಂದೇ ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಹಕ್ಕಿ ಎಣಿಸಿದೆವು. ಸುಮಾರು ಆರುನೂರು ಹಕ್ಕಿಗೆ ನಮ್ಮಿಬ್ಬರ ನಡುವೆ ಬಂದ ವ್ಯತ್ಯಾಸ ಹತ್ತಿಪ್ಪತ್ತು ಅಷ್ಟೇ. ಈಗ ಯಾರೂ ನಗುತ್ತಿಲ್ಲ.

ಮೊದಲೆಲ್ಲ ನಾನೂ ಇಳಿತಕ್ಕೇ ದೋಣಿ ಹತ್ತುತ್ತಿದ್ದೆ. ಅರ್ಧ ದಿನಕ್ಕೆ 1,500 ರೂಪಾಯಿ, ಡೀಸೆಲ್ ಬೇರೆ. ಅಳಿವೆ ಬಾಯಿಯ ತದಡಿ ಕಡೆ ಒಂದು ಕೆಸರು ದಿಬ್ಬ ಎಣಿಸಿ ಮುಗಿಸೋದರೊಳಗೆ ಹಿಂಡು ಎದ್ದು ಮುಂದಿನ ದಿಬ್ಬದಲ್ಲಿ ಇಳಿದಿರುತ್ತಿತ್ತು. ಬಳಚು (ಚಿಪ್ಪಿನ ಜೀವಿ) ಆರಿಸುವವರು ಹತ್ತಿರ ಬಂದರೆ ಮತ್ತೆ ಹಾರಾಟ. ಆಮೇಲೆ ದಡದಿಂದಲೇ ನೋಡೋಣ ಅಂತ 25,000ಕ್ಕೆ ಹಳೇ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ತಗೊಂಡೆ. ಬಿಸಿಲೇರಿದರೆ ಕೆಸರಿನ ಮೇಲೆ ಗಾಳಿ ನಡುಗುತ್ತೆ, ಐನೂರು ಮೀಟರ್ ಆಚೆ ಕೆಂಪು ಕಾಲಿನ ರೆಡ್‌ಶ್ಯಾಂಕ್ ಹಕ್ಕಿ ಯಾವುದು, ಕಲ್ಲು ಯಾವುದು ಅಂತ ಗೊತ್ತಾಗೋದಿಲ್ಲ. ಆ ಚಳಿಗಾಲ ನಲವತ್ತು ಸಾವಿರದ ಹತ್ತಿರ ಕೈ ಬಿಟ್ಟಿತು. ಮನೆಯಲ್ಲಿ ಪೂರ್ತಿ ಲೆಕ್ಕ ಇನ್ನೂ ಹೇಳಿಲ್ಲ.

ಭರತಕ್ಕೆ ದಿಬ್ಬ ಮುಳುಗಿದಾಗ ಹಕ್ಕಿಗಳಿಗೆ ಉಳಿಯೋದು ಗಜನಿಯ ಏರಿ (ಮಣ್ಣಿನ ಒಡ್ಡು), ಉಪ್ಪು ತಾಳುವ ಕಗ್ಗ ಭತ್ತ ಕೊಯ್ದ ಗದ್ದೆಯ ಎತ್ತರದ ತುಂಡು, ನೀರು ಬಸಿದ ಸಿಗಡಿ ಕೆರೆ. ಎರಡು ಗಂಟೆ ಮೊದಲೇ ಹೋಗಿ, ಬಿಸಿಲಿಗೆ ಬೆನ್ನು ಮಾಡಿ ಕೂತು, ಬರುವ ಹಿಂಡನ್ನು ಎಣಿಸಿ. ಕೂತ ಹಕ್ಕಿಯನ್ನಲ್ಲ. 200 ರೂಪಾಯಿಯ ಟ್ಯಾಲಿ ಕೌಂಟರ್ (ಒತ್ತಿ ಎಣಿಸುವ ಸಾಧನ) ಸಾಕು, ಹತ್ತಕ್ಕೊಂದು ಸಲ ಒತ್ತಿ. ದೊಡ್ಡ ಹಿಂಡಾದರೆ ಫೋಟೋ ತೆಗೆದು ಸಂಜೆ ಲ್ಯಾಪ್‌ಟಾಪಿನಲ್ಲಿ ಚುಕ್ಕೆ ಹಾಕಿ. ಸ್ಯಾಂಡ್ ಪ್ಲವರ್ ಅನ್ನೋ ಪುಟ್ಟ ಹಕ್ಕಿ ಅಂತೂ ಇಳಿದ ಮೇಲೆ ಕೈಗೆ ಸಿಗೋದಿಲ್ಲ. ಗಾಳಿಗೆ ಮುಖ ಮಾಡಿ, ಒಂದು ಕಾಲು ಮಡಚಿ, ಒಣಗಿದ ಹೆಂಟೆಗಳ ನಡುವೆ ಹೆಂಟೆಯಂತೆ ನಿಂತುಬಿಡುತ್ತವೆ. ಒಂದು ರೆಕ್ಕೆ ಚಾಚಿದಾಗಲೇ ಪಕ್ಕದಲ್ಲಿ ಇನ್ನೂ ಏಳೆಂಟು ಇವೆ ಅಂತ ತಿಳಿಯೋದು.

ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನ ಬಿಟ್ಟು ಹೋಗಿ. ಅಷ್ಟಮಿ ಆಸುಪಾಸಿನ ಭರತಕ್ಕೆ ದಿಬ್ಬ ಪೂರ್ತಿ ಮುಳುಗೋದಿಲ್ಲ, ಹಕ್ಕಿ ಚದುರಿಯೇ ಇರುತ್ತವೆ. ಕಾರವಾರ ಬಂದರಿನ ಭರತ-ಇಳಿತದ ವೇಳಾಪಟ್ಟಿಯನ್ನೇ ನಂಬಬೇಡಿ, ಹೊಳೆಯೊಳಗೆ ನೀರು ತಡವಾಗಿ ಏರುತ್ತೆ. ಎಷ್ಟು ತಡ ಅಂತ ನಾನು ಬಿದಿರು ಗಳಕ್ಕೆ ಗೆರೆ ಹಾಕಿ ಹುಗಿದು ಕಂಡುಕೊಂಡೆ. ಆ ಲೆಕ್ಕ ನನ್ನ ಬಳಿಯೇ ಇರಲಿ, ನಿಮ್ಮ ಜಾಗಕ್ಕೆ ನೀವೇ ಗಳ ಹುಗಿಯಬೇಕು. ಯಾವ ಗಜನಿ ಅಂತಲೂ ಹೇಳೋದಿಲ್ಲ. 2024ರಲ್ಲಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಕ್ಯಾಮೆರಾ ಹಿಡಿದವರು ಏರಿ ಮೇಲೆಲ್ಲ ಓಡಾಡಿದರೆ ನನ್ನ ಎಣಿಕೆ ಮುಗಿದಂತೆಯೇ.

ಬಾಗಿದ ಕೊಕ್ಕಿನ ವಿಂಬ್ರೆಲ್ ಹಕ್ಕಿ ಮಾತ್ರ ಈ ಲೆಕ್ಕಕ್ಕೆ ಬರೋದಿಲ್ಲ. ಭರತಕ್ಕೆ ಅವು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮೇಲೆ ಕೂರುತ್ತವೆ. ಧ್ವನಿಯಿಂದ ಎಣಿಸಬಹುದಾ ಅಂತ ಹಳೇ ಫೋನನ್ನು ಡಬ್ಬಿಯಲ್ಲಿ ಹಾಕಿ ರಾತ್ರಿಯಿಡೀ ಇಟ್ಟು ನೋಡಿದೆ. ಸಿಕ್ಕಿದ್ದು ಪೂರ್ತಿ ದೋಣಿ ಇಂಜಿನ್ ಸದ್ದು, ನಡುವೆ ಏಳೆಂಟು ಕೂಗು. ತಲೆ ಲೆಕ್ಕ ಸಿಗಲಿಲ್ಲ, ಆದರೆ ಅವು ಯಾವ ಗಿಡಗಳ ಗುಂಪಿನಲ್ಲಿ ಕೂರುತ್ತವೆ ಅಂತ ಗೊತ್ತಾಯ್ತು. ಈಗ ಅಲ್ಲಿಗೆ ಬೇರೆಯಾಗಿ ಒಬ್ಬರನ್ನು ಕೂರಿಸುತ್ತೇವೆ.

ಇನ್ನು ಹಾರುವ ಹಿಂಡಿನಲ್ಲಿ ಸ್ಯಾಂಡ್ ಪ್ಲವರ್‌ಗಳನ್ನು ಟಿಬೆಟನ್, ಗ್ರೇಟರ್ ಅಂತ ಜಾತಿ ಬೇರೆ ಮಾಡುವ ಹಟ ಬಿಟ್ಟಿದ್ದೇನೆ. ಸುಮ್ನೆ ‘ಸ್ಯಾಂಡ್ ಪ್ಲವರ್’ ಅಂತ ಒಂದೇ ಸಾಲು ಬರೆಯುತ್ತೇನೆ.