ಜರ್ಮನಿಯಲ್ಲಿ ಹುಟ್ಟಿದ ಹುಡುಗನಿಗೆ ಐರಿಶ್ ಹೆಸರು: ನಾವು ಸೋಸಿದ ಬಗೆ

ಜರ್ಮನ್ನರ ಬಾಯಿಗೂ ಕನ್ನಡದವರ ಬಾಯಿಗೂ ಒಗ್ಗುವ ಐರಿಶ್ ಹೆಸರು ಹುಡುಕಹೊರಟರೆ ಕೊನೆಗೆ ಉಳಿಯುವುದು ಲಿಯಮ್ ಒಂದೇ ಅಂತ ಐರ್ಲೆಂಡಿನ ಗಾಲ್ವೇಯಲ್ಲಿರುವ ನನ್ನ ಅತ್ತೆ ಮನೆಯವರ ವಾದ. ನಮ್ಮ ಕಡೆಯವರದು ಇನ್ನೂ ಸುಲಭದ ಸಲಹೆ: ಕೆವಿನ್ ಅಂತಿಟ್ಟು ಕೈತೊಳೆದುಕೊಳ್ಳಿ. ಎರಡೂ ಆಗಲಿಲ್ಲ. ಹುಡುಗನ ಹೆಸರು ರೋನಾನ್, ಎರಡೂ ಫಾಡಾ (ಸ್ವರ ಎಳೆಯಲು ಐರಿಶ್ ಬರಹದಲ್ಲಿ ಅಕ್ಷರದ ಮೇಲೆ ಹಾಕುವ ಓರೆಗೆರೆ) ಸಮೇತ. ಕೇಳಿದವರು ಸರಿಯಾಗಿ ಬರೆಯುತ್ತಾರೆ, ಓದಿದವರು ಹೆಚ್ಚುಕಮ್ಮಿ ಸರಿಯಾಗಿ ಕರೆಯುತ್ತಾರೆ. ಐರಿಶ್ ಕಾಗುಣಿತದ ಪಾಠ ಇಲ್ಲಿಲ್ಲ, ಅದು ನಿಮಗೆ ಗೊತ್ತಿದೆ ಅಂದುಕೊಂಡೇ ಮುಂದೆ ಹೋಗುತ್ತೇನೆ.

ಕೆವಿನ್ ಯಾಕೆ ಬೇಡ ಅಂದರೆ, 1991ರಲ್ಲಿ ಜರ್ಮನಿಯಲ್ಲಿ ಅದೇ ನಂಬರ್ ಒನ್ ಹೆಸರು. ಆಮೇಲೆ ಅದಕ್ಕೆ ಕೆಟ್ಟ ಹೆಸರು ಬಂತು. 2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದವರು ಶಾಲಾ ಶಿಕ್ಷಕರನ್ನು ಕೇಳಿದಾಗ, ಕೆವಿನ್ ಅಂದರೆ ತಂಟೆಕೋರ ಅನ್ನುವ ಭಾವನೆ ಅವರಲ್ಲಿ ಬೇರುಬಿಟ್ಟಿದ್ದು ಕಂಡಿತು. ಐರ್ಲೆಂಡಿನ ಗ್ಲೆಂಡಲೋಕ್ ಮಠ ಕಟ್ಟಿದ ಸಂತ ಕೆವಿನ್ನನ ಹೆಸರಿಗೆ ಇಲ್ಲಿ ಈ ಗತಿ. ಲಿಯಮ್ ಬಿಟ್ಟದ್ದಕ್ಕೆ ಕಾರಣ ಬೇರೆ. ವಿಲಿಯಮ್ಮಿನ ಐರಿಶ್ ರೂಪವಾದ ಉಲಿಯಮ್‌ನ ಬಾಲ ಅದು, ಅಂದರೆ ಮೂಲದಲ್ಲಿ ಜರ್ಮನ್ನರದೇ ವಿಲ್‌ಹೆಲ್ಮ್. ಜೊತೆಗೆ ಈಗ ಯಾವ ಆಟದ ಮೈದಾನದಲ್ಲಿ ಲಿಯಮ್ ಅಂತ ಕೂಗಿದರೂ ಇಬ್ಬರು ತಿರುಗುತ್ತಾರೆ.

ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿಯಲ್ಲಿ 1964ರಿಂದೀಚಿನ ಹೆಸರುಗಳ ಲೆಕ್ಕ ಸಿಗುತ್ತದೆ. ಒಂದು ವರ್ಷದ ಪಟ್ಟಿ ನೋಡಿ ಮೋಸಹೋಗಬೇಡಿ, ಹತ್ತಿಪ್ಪತ್ತು ವರ್ಷದ ಏರಿಳಿತ ನೋಡಿ. ತುದಿಯ ಹತ್ತನ್ನೂ ಬುಡದಲ್ಲಿರುವುದನ್ನೂ ಬಿಟ್ಟು ನಾವು ಎತ್ತಿಕೊಂಡದ್ದು ನಲವತ್ತರ ಆಸುಪಾಸು ಹೆಸರು. ಜರಡಿಗೆ ಹಾಕಿದ್ದು ಇದನ್ನು.

ಪರೀಕ್ಷೆ ಎರಡೂ ದಿಕ್ಕಿನಲ್ಲಿ ಆಗಬೇಕು. ಎಲ್ಲರೂ ಮಾಡುವುದು ಒಂದೇ ದಿಕ್ಕಿನದು, ಚೀಟಿಯಲ್ಲಿ ಬರೆದು ಯಾರ ಕೈಲೋ ಓದಿಸುವುದು. ಅದಕ್ಕೆ ಮನುಷ್ಯರೂ ಬೇಡ, ಮೊಬೈಲಿನ ಜರ್ಮನ್ ದನಿಗೆ ಹೆಸರು ಕೊಟ್ಟು ಓದಿಸಿದರೆ ಅರ್ಧ ಪಟ್ಟಿ ಬಿಟ್ಟಿಯಾಗಿ ಉದುರುತ್ತದೆ. ಐರಿಶ್ಶಿನಲ್ಲಿ ‘ಸಿ’ಯಿಂದ ಬರೆಯುವ ಕೀಅನ್ ಹೋಗಿ ‘ಟ್ಸಿಯಾನ್’ ಆಗುತ್ತದೆ, ಏಕೆಂದರೆ ಇಕಾರದ ಮುಂಚಿನ ‘ಸಿ’ ಜರ್ಮನ್ನರಿಗೆ ‘ಟ್ಸ’. ಅಷೀನ್ ಅನ್ನು ‘ಒಯ್ಸಿನ್’ ಅನ್ನುತ್ತಾರೆ. ಓವನ್‌ನ ಎರಡು ಕಾಗುಣಿತಗಳಲ್ಲಿ ಯಾವುದನ್ನು ಕೊಟ್ಟರೂ ಓವನ್ ಹೊರಬರುವುದಿಲ್ಲ.

ಕಷ್ಟ ಇರುವುದು ಇನ್ನೊಂದು ದಿಕ್ಕಿನಲ್ಲಿ, ಕಿವಿಯಿಂದ ಕಾಗದಕ್ಕೆ. ಅದಕ್ಕೆ ಫೋನ್‌ನಲ್ಲಿ ಪಿಜ್ಜಾ ಹೇಳಿ, ಪರೀಕ್ಷೆಯ ಹೆಸರನ್ನೇ ಕೊಟ್ಟು, ಡಬ್ಬದ ಮೇಲೆ ಏನು ಬರೆದಿದ್ದಾರೆ ನೋಡಬೇಕು. ಸಾಲಾಗಿ ಅಕ್ಷರ ಬಿಡಿಸಿ ಹೇಳಬಾರದು, ಒಂದೇ ಸಲ ಹೇಳಿ ಸುಮ್ಮನಿರಬೇಕು. ಒಂದಕ್ಕೆ ಒಂಬತ್ತೋ ಹತ್ತೋ ಯೂರೋ. ಈ ಕೆಲಸದ ದೊಡ್ಡ ಖರ್ಚು ಇದೇ. ಟೈಗ್ ನಮಗೆ ಬಹಳ ಇಷ್ಟವಿದ್ದ ಹೆಸರು. ಡಬ್ಬದ ಮೇಲೆ ನೀಲಿ ಪೆನ್ನಿನಲ್ಲಿ ಬಂದದ್ದು ಜರ್ಮನ್‌ನ ‘ಟಾಯ್ಗ್’ ಕಾಗುಣಿತ, ಅಂದರೆ ಕಲಸಿದ ಹಿಟ್ಟು. ಪಿಜ್ಜಾ ಡಬ್ಬಕ್ಕೆ ಅದು ಸರಿಯೇ, ಶಾಲೆಯ ಹಾಜರಿ ಪುಸ್ತಕಕ್ಕಲ್ಲ.

ಕಿಲಿಯನ್ ಕಥೆ ವಿಚಿತ್ರ. ಐರ್ಲೆಂಡಿನಿಂದ ಬಂದ ಸಂತ ಕಿಲಿಯನ್ 689ರ ಸುಮಾರಿಗೆ ಈಗಿನ ಬವೇರಿಯಾ ರಾಜ್ಯದ ವುರ್ಟ್ಸ್‌ಬುರ್ಗ್‌ನಲ್ಲಿ ಕೊಲೆಯಾದವರು. ಆ ಊರಿನಲ್ಲಿ ಈಗಲೂ ಜುಲೈನಲ್ಲಿ ಅವರ ಹೆಸರಿನ ಜಾತ್ರೆ ನಡೆಯುತ್ತದೆ. ಹೀಗಾಗಿ ಹೆಸರು ಇಲ್ಲಿ ಸಾವಿರ ವರ್ಷ ಹಳತು, ಆದರೆ ‘ಕೆ’ಯಿಂದ. ಹೇಳಿದರೆ ಎಲ್ಲರೂ ‘ಕೆ’ ಬರೆಯುತ್ತಾರೆ, ‘ಸಿ’ ಬರೆದುಕೊಟ್ಟರೆ ‘ಟ್ಸಿಲಿಯಾನ್’ ಅನ್ನುತ್ತಾರೆ. ಹಳೆಯ ಐರಿಶ್ ವರ್ಣಮಾಲೆಯಲ್ಲಿ ‘ಕೆ’ ಅಕ್ಷರವೇ ಇಲ್ಲ, ಗಾಲ್ವೇ ಒಪ್ಪುವುದಿಲ್ಲ. ನೀವು ಒಪ್ಪಿಸಬಲ್ಲಿರಾದರೆ ಬವೇರಿಯಾದಲ್ಲಿ ಅದಕ್ಕಿಂತ ಭದ್ರವಾದ ಐರಿಶ್ ಹೆಸರಿಲ್ಲ.

ಮಧ್ಯೆ ಆಸ್ಕರ್ ಕೂಡ ನೋಡಿದೆವು. ಐರಿಶ್ ಕಥೆಗಳಲ್ಲಿ ಆಸ್ಕರ್ ಅಷೀನನ ಮಗ. ಆದರೆ ನೆಪೋಲಿಯನ್ ತನ್ನ ಧರ್ಮಪುತ್ರನಿಗೆ ಆ ಹೆಸರಿಟ್ಟು, ಆ ಹುಡುಗ 1844ರಲ್ಲಿ ಸ್ವೀಡನ್ನಿನ ದೊರೆಯಾದ. ಈಗ ಅದನ್ನು ಐರಿಶ್ ಅಂತ ನಂಬಿಸುವುದೇ ಒಂದು ಕೆಲಸ.

ಯಾರೂ ಹೇಳಿಕೊಡದ ಪರೀಕ್ಷೆ ಒಂದಿದೆ: ಸಂಬೋಧನೆ. ಐರಿಶ್ ಮಾತಾಡುವ ಅಜ್ಜಿ ಮೊಮ್ಮಗನನ್ನು ಕೂಗಿದರೆ ಎಷ್ಟೋ ಹೆಸರುಗಳ ಮೊದಲಕ್ಷರದ ದನಿಯೇ ಬದಲಾಗುತ್ತದೆ, ಬರಹದಲ್ಲಿ ಅದರ ಬೆನ್ನಿಗೆ ‘ಎಚ್’ ಸೇರುತ್ತದೆ. ಶಾನ್ ‘ಅ ಹ್ಯಾನ್’ ಆಗುತ್ತಾನೆ, ಶೇಮಸ್ ‘ಅ ಹೇಮಿಶ್’ ಆಗುತ್ತಾನೆ. ಮೂರು ಭಾಷೆ ಕೇಳಿ ಬೆಳೆಯುವ ಕೂಸಿಗೆ ಇದೊಂದು ಗೊಂದಲ ಯಾಕೆ? ಎಲ್, ಎನ್, ಆರ್‌ನಿಂದ ಶುರುವಾಗುವ ಹೆಸರುಗಳಿಗೆ ಬರಹದಲ್ಲಿ ಆ ‘ಎಚ್’ ಸೇರುವುದಿಲ್ಲ. ರೋನಾನ್ ಅಂತ ಕೂಗಿದಾಗ ಕೊನೆಯ ನಕಾರ ಒಂಚೂರು ಮೆತ್ತಗಾಗುತ್ತದೆ, ಅಷ್ಟೆ. ನಮ್ಮ ಪಟ್ಟಿ ಇದರಿಂದಲೇ ಐದಾರಕ್ಕೆ ಇಳಿಯಿತು. ಅದರಲ್ಲಿ ನಾಯಲ್ ಜರ್ಮನ್ ಬಾಯಲ್ಲಿ ‘ನಿಯಾಲ್’.

ಕನ್ನಡದ ಕಡೆ ಬೇಗ ಮುಗಿಯಿತು. ಕಹಲ್ ಎಂಬ ಹೆಸರನ್ನು ಅಕ್ಷರ ನೋಡಿ ಓದಿದರೆ ನಮ್ಮವರ ಬಾಯಲ್ಲಿ ಕತ್ತಲ್ ಆಗುತ್ತದೆ, ಬೇಡ. ರೋನಾನ್ ಊರಲ್ಲಿ ರೋಣಪ್ಪ ಆದರೆ ಆಗಲಿ, ಗದಗದ ಕಡೆಯವರಿಗೆ ಸಂತೋಷವೇ. ಅವನ ಎರಡನೇ ಹೆಸರು ಕನ್ನಡದ್ದು; ಎರಡೂ ಮನೆಯವರು ಜಗಳವಿಲ್ಲದೆ ಅದಕ್ಕೆ ಹೂಂ ಅಂದದ್ದು ಹೇಗೆ ಅನ್ನುವ ಗುಟ್ಟು ನನ್ನಲ್ಲೇ ಇರಲಿ.

ರೋನಾನ್‌ಗೂ ಒಂದು ಊನ ಇದೆ: ಫೋನ್‌ನಲ್ಲಿ ಅದು ರೋಮಾನ್ ಅಂತ ಕೇಳಿಸುತ್ತದೆ. ಅಕ್ಷರ ಬಿಡಿಸಿ ಹೇಳುತ್ತಾ ಮೂರನೆಯದಕ್ಕೆ ಬಂದಾಗ ‘ನಾರ್ಡ್‌ಪೋಲ್‌ನ ಎನ್’ (ಉತ್ತರ ಧ್ರುವದ ಎನ್) ಅಂದರೆ ಸಾಕು.

ಇನ್ನು ಕಾಗದಪತ್ರ. ಜರ್ಮನಿಯಲ್ಲಿ ಜನನವನ್ನು ವಾರದೊಳಗೆ ತಿಳಿಸಬೇಕು, ಹೆಸರಿಗೆ ತಿಂಗಳ ಅವಕಾಶವಿದೆ. ಆಸ್ಪತ್ರೆಯ ಫಾರಂನಲ್ಲಿ ಕೈಬರಹದ ಫಾಡಾ ಶಾಯಿಯ ಚುಕ್ಕೆಯಂತೆ ಕಾಣುತ್ತದೆ, ಮುದ್ರಿಸಿದ ಹಾಳೆಯನ್ನೂ ಜೊತೆಗಿಡಿ. ನೋಂದಣಿ ಅಧಿಕಾರಿ ತಡವರಿಸಿದರೆ ಕೀಲಿಮಣೆಯಲ್ಲಿ ಎಸ್‌ಜೆಟ್ (ß) ಪಕ್ಕದ, ಅಳಿಸುವ ಕೀಲಿಯ ಎಡಗಡೆಯ ಕೀಲಿ ತೋರಿಸಿ; ಅದನ್ನು ಒತ್ತಿ ಆಮೇಲೆ ಅಕ್ಷರ ಒತ್ತಬೇಕು. ಸಹಿಗೆ ಮುಂಚೆ ಕರಡನ್ನು ಓದಿ, ಆಮೇಲೆ ತಿದ್ದುವುದು ದೊಡ್ಡ ರಗಳೆ. ಹೆಸರನ್ನೇ ಬದಲಿಸಹೊರಟರೆ ತಕ್ಕ ಕಾರಣ ಕೊಡಬೇಕು, ಶುಲ್ಕವೂ ಇದೆ.

ತಂದೆ ಐರ್ಲೆಂಡಿನಲ್ಲೇ ಹುಟ್ಟಿದ ಐರಿಶ್ ಪ್ರಜೆಯಾದ್ದರಿಂದ ಮಗುವಿಗೆ ನೇರ ಐರಿಶ್ ಪಾಸ್‌ಪೋರ್ಟ್, ಆನ್‌ಲೈನ್‌ನಲ್ಲಿ ಇಪ್ಪತ್ತು ಯೂರೋ ಮತ್ತು ಅಂಚೆ ಖರ್ಚು. ಅವರೂ ಹೊರದೇಶದಲ್ಲಿ ಹುಟ್ಟಿದ್ದರೆ ಮೊದಲು ವಿದೇಶಿ ಜನನ ನೋಂದಣಿ, ಮಗುವಿಗೆ ನೂರೈವತ್ತು ಚಿಲ್ಲರೆ. ಒಸಿಐಗೆ (ಭಾರತದ ಸಾಗರೋತ್ತರ ನಾಗರಿಕ ಕಾರ್ಡಿಗೆ) 275 ಡಾಲರ್ ಲೆಕ್ಕದ ಯೂರೋ, ಮೇಲೆ ಸೇವಾಶುಲ್ಕ. ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಎರಡು ಸಾಲಿನಲ್ಲಿ ಫಾಡಾ ಇರುವುದಿಲ್ಲ. ವಿಮಾನದ ಟಿಕೆಟ್ಟಿಗೂ ವೀಸಾ ಅರ್ಜಿಗೂ ಆ ಸಾಲನ್ನೇ ನಕಲು ಮಾಡಿ, ಮೇಲಿನದನ್ನಲ್ಲ.