ಹ್ಯಾಮ್‌ಸ್ಟರ್ ದಿಢೀರಂತ ಮರಿ ಹಾಕಿದರೆ

ಇಲಿಯಂಥ ಈ ಪುಟ್ಟ ಸಾಕುಪ್ರಾಣಿಯ ಜೋಡಿಯನ್ನು ಅಂಗಡಿಯವನು 'ಎರಡೂ ಹೆಣ್ಣೇ' ಅಂತ ಕೊಟ್ಟಿರುತ್ತಾನೆ, ಒಂದು ದಿನ ನೋಡಿದರೆ ಗೂಡಿನ ಮೂಲೆಯಲ್ಲಿ ಕೆಂಪಗಿನ, ಕೂದಲಿಲ್ಲದ, ಕಣ್ಣು ಬಿಡದ ಮರಿಗಳ ರಾಶಿ. ಒಂಟಿ ಹೆಣ್ಣು ತಂದವರಿಗೂ ಹೀಗಾಗುತ್ತದೆ. ಸಿರಿಯನ್ ಹ್ಯಾಮ್‌ಸ್ಟರ್ (ದೊಡ್ಡ ಜಾತಿಯದು) ಗಬ್ಬವಾದ 16ರಿಂದ 18 ದಿನಕ್ಕೆ ಮರಿ ಹಾಕುವುದರಿಂದ ಅಂಗಡಿಯಲ್ಲೇ ಕೆಲಸ ಆಗಿರುತ್ತದೆ.

ಮೊದಲು ಗಂಡನ್ನು ಬೇರೆ ಗೂಡಿಗೆ ಹಾಕಿ. ಈಗಲೇ. ಡ್ವಾರ್ಫ್ ಅನ್ನುವ ಚಿಕ್ಕ ಜಾತಿಯಾದರೆ ತಾಯಿ ಹೆತ್ತ ದಿನವೇ ಮತ್ತೆ ಗಬ್ಬವಾಗಬಹುದು, ಸಿರಿಯನ್ ಆದರೆ ಅದು ಗಂಡಿನ ಮೇಲೆ ಬಿದ್ದು ಕಚ್ಚುತ್ತದೆ.

ಆಮೇಲೆ ಕೈ ಕಟ್ಟಿ ಕೂರುವುದು. ಕಷ್ಟ ಇದೇ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ. ಎರಡು ವಾರ ಮರಿಗಳನ್ನು ಮುಟ್ಟಬೇಡಿ, ಗೂಡು ತೊಳೆಯಬೇಡಿ, ಟಾರ್ಚ್ ಹಾಕಿ ವಿಡಿಯೋ ಮಾಡಬೇಡಿ, ಯಾಕೆಂದರೆ ಹೆದರಿದ ತಾಯಿ ತನ್ನ ಮರಿಗಳನ್ನೇ ತಿಂದುಬಿಡಬಹುದು. ಆದರೆ ಮರಿಯನ್ನು ಬಾಯೊಳಗೆ ತುರುಕಿಕೊಂಡ ತಕ್ಷಣ ಕಿರುಚಬೇಡಿ, ಕೆನ್ನೆಯ ಚೀಲದಲ್ಲಿಟ್ಟು ಜಾಗ ಬದಲಿಸುತ್ತಿರುತ್ತದೆ ಅಷ್ಟೇ. ಮರಿಯೊಂದು ದೂರ ಬಿದ್ದು ತಾಯಿ ಎತ್ತಿಕೊಳ್ಳದಿದ್ದರೆ, ಅದೇ ಗೂಡಿನ ಹಾಸು ಉಜ್ಜಿದ ಚಮಚದಲ್ಲಿ ಮೆಲ್ಲಗೆ ಸರಿಸಿ. ಹಾಸಿಗೆ ಹತ್ತಿ ಬೇಡ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಣ್ಣ, ವಾಸನೆ ಇಲ್ಲದ ಟಿಶ್ಯೂ ಹರಿದು ಹಾಕಿದರೆ ಸಾಕು.

ತಾಯಿಗೆ ದಿನದ ಕಾಳಿನ ಜೊತೆ ಉಪ್ಪಿಲ್ಲದ ಬೇಯಿಸಿದ ಮೊಟ್ಟೆ ಒಂದು ಚೂರು ಕೊಡಿ, ಮೊಟ್ಟೆ ತರದ ಮನೆಯಾದರೆ ಪನೀರ್. ನೀರು ಯಾವಾಗಲೂ ಇರಲಿ. ತಿಂದು ಉಳಿದ ಮೊಟ್ಟೆ, ಪನೀರ್ ಸಂಜೆಯೊಳಗೆ ತೆಗೆದುಬಿಡಿ, ಇಲ್ಲದಿದ್ದರೆ ಇರುವೆ ಬರುತ್ತದೆ, ಓಡಲಾಗದ ಮರಿಗಳಿಗೆ ಇರುವೆ ಅಂದರೆ ಸಾವೇ. ನಾಲ್ಕು ಬಟ್ಟಲಲ್ಲಿ ನೀರು ಹಾಕಿ ಅದರಲ್ಲಿ ಸ್ಟೂಲಿನ ಕಾಲುಗಳನ್ನಿಟ್ಟು ಮೇಲೆ ಗೂಡು ಇಡಿ, ಅಜ್ಜಿಯ ಕಾಲದ ಉಪಾಯ, ಈಗಲೂ ಕೆಲಸ ಮಾಡುತ್ತದೆ.

ಹತ್ತು ದಿನಕ್ಕೆಲ್ಲ, ಇನ್ನೂ ಕಣ್ಣು ಬಿಡುವ ಮೊದಲೇ, ಮರಿಗಳು ಕಾಳು ಕಡಿಯಲು ಶುರು ಮಾಡುತ್ತವೆ, ನೀರಿನ ಬಾಟಲಿಯ ಕೊಳವೆಯನ್ನು ಕೆಳಕ್ಕೆ ಇಳಿಸಿ. ಕಂಬಿಗಳ ನಡುವೆ ಅಗಲ ಜಾಸ್ತಿ ಇದ್ದರೆ ನುಸುಳಿ ಹೋಗುತ್ತವೆ, ಅದನ್ನೂ ನೋಡಿಕೊಳ್ಳಿ.

ನಾಲ್ಕನೇ ವಾರದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಮಾಡಿ. ಅಷ್ಟರೊಳಗೆ ಗಂಡು ಹೆಣ್ಣು ಬೇರೆ ಆಗಲೇಬೇಕು, ಅಣ್ಣ ತಂಗಿ ಅನ್ನುವುದೆಲ್ಲ ಅವಕ್ಕಿಲ್ಲ. ಮಗುಚಿ ನೋಡಿ: ಹೆಣ್ಣಿಗೆ ಎರಡು ರಂಧ್ರಗಳು ಹತ್ತಿರ ಹತ್ತಿರ ಇರುತ್ತವೆ, ಹೊಟ್ಟೆಯ ಮೇಲೆ ಮೊಲೆತೊಟ್ಟಿನ ಸಾಲು ಕಾಣುತ್ತದೆ, ಗಂಡಿಗೆ ರಂಧ್ರಗಳ ನಡುವೆ ಅಂತರ ಜಾಸ್ತಿ. ಒಂದೇ ಒಂದನ್ನು ನೋಡಿದರೆ ತಿಳಿಯಲ್ಲ, ಎರಡನ್ನು ಪಕ್ಕಪಕ್ಕ ಹಿಡಿದು ಹೋಲಿಸಿ. ಅನುಮಾನ ಬಂದರೆ ಸಣ್ಣ ಪ್ರಾಣಿ ನೋಡುವ ವೈದ್ಯರಿಗೆ ತೋರಿಸಿ.

ಯಾರಿಗಾದರೂ ಕೊಡುವಾಗ ಒಂದು ವಿಷಯ ಮುಚ್ಚಿಡಬೇಡಿ. ಸಿರಿಯನ್ ಮರಿಗಳು ಆರರಿಂದ ಎಂಟು ವಾರದ ಹೊತ್ತಿಗೆ ಜಗಳ ಶುರು ಮಾಡುತ್ತವೆ, ಒಂದಕ್ಕೆ ಒಂದು ಗೂಡು ಬೇಕೇ ಬೇಕು. 'ಜೋಡಿ ಕೊಡಿ, ಚೆನ್ನಾಗಿರುತ್ತೆ' ಅನ್ನುವವರಿಗೆ ಕೊಡದಿರುವುದೇ ವಾಸಿ.